ಹಾಸ್ಟೆಲಿನ ಕತ್ತಲೆ ಕೋಣೆ



ಸಾಮಾನ್ಯವಾಗಿ ನನ್ನ ಜಾಗ ಕ್ಯಾಮರಾದ ಹಿಂದೆ. ಮಾತನಾಡಲು ಬಂದ ಹಿರಿಯರನ್ನು ಕೂರಿಸಿ, ದೀಪಗಳನ್ನು ಸರಿಪಡಿಸಿ, ಇನ್ನು ಶುರು ಮಾಡಬಹುದು ಎಂದು ಕೈಸನ್ನೆ ಮಾಡುವುದು ನನ್ನ ಕೆಲಸ. ಇವತ್ತು ನನ್ನ ಸಹೋದ್ಯೋಗಿಗಳು ನನ್ನನ್ನೇ ಈ ಕುರ್ಚಿಯಲ್ಲಿ ಕೂರಿಸಿದ್ದಾರೆ. ವಿದ್ಯಾರ್ಥಿನಿಲಯದ ಜೀವನದ ಬಗ್ಗೆ, ಅದರಲ್ಲೂ ಛಾಯಾಚಿತ್ರ ಕಲಿಯುವ ಹುಡುಗರ ಜೊತೆ ಕಳೆದ ದಿನಗಳ ಬಗ್ಗೆ ಹೇಳು ಎಂದಿದ್ದಾರೆ. ನಾನು ಓದಿದ್ದು ಬಿ.ಎಸ್ಸಿ. ಆದರೂ ಇಂದು ಮಾಡುತ್ತಿರುವ ಕೆಲಸದ ಅಕ್ಷರಾಭ್ಯಾಸ ನನಗೆ ಆದದ್ದು ಹಾಸ್ಟೆಲಿನ ಒಂದು ಕತ್ತಲೆ ಕೋಣೆಯಲ್ಲಿ.

ನನ್ನ ಊರು ಹೆಗ್ಗಡದೇವನಕೋಟೆಗೆ ಅಂಟಿಕೊಂಡಿರುವ ಹ್ಯಾಂಡ್‌ಪೋಸ್ಟ್. ಹ್ಯಾಂಡ್‌ಪೋಸ್ಟ್ ಎಂದರೆ ಕೈಮರ, ದಾರಿ ತೋರಿಸುವ ಕಂಬ. ಮೈಸೂರಿನಿಂದ ಮಾನಂದವಾಡಿಗೆ ಹೋಗುವ ರಸ್ತೆಗೆ ಕೋಟೆಯ ದಾರಿ, ಸರಗೂರಿನ ದಾರಿ ಬಂದು ಸೇರುವ ಜಾಗ ಅದು. ಎಲ್ಲ ಬಸ್ಸುಗಳೂ ಅಲ್ಲಿ ನಿಲ್ಲುತ್ತವೆ. ಮೈಸೂರಿಗೆ ಸುಮಾರು ಐವತ್ತು ಕಿಲೋಮೀಟರ್. ಇವತ್ತು ಅದು ದೂರವೇನಲ್ಲ. ಆದರೆ 1997ರಲ್ಲಿ ನಾನು ಕಾಲೇಜಿಗೆ ಸೇರಿದಾಗ, ಬೆಳಗಿನ ಪ್ರಾಕ್ಟಿಕಲ್ ತರಗತಿಗೆ ಕೆಂಪು ಬಸ್ಸಿನಲ್ಲಿ ಬಂದು ಮುಟ್ಟುವುದು ದಿನಾ ಆಗುವ ಮಾತಾಗಿರಲಿಲ್ಲ. ಹಾಸ್ಟೆಲ್ ಸಿಕ್ಕರೆ ಓದು, ಇಲ್ಲದಿದ್ದರೆ ಹೊಲ ಎಂಬ ಪರಿಸ್ಥಿತಿ.

ಮೈಸೂರಿಗೆ ಹಳ್ಳಿಯ ಹುಡುಗರು ಬಂದು ತಂಗಿ ಓದುವ ಪದ್ಧತಿ ಬಹಳ ಹಳೆಯದು. ಹಾಸ್ಟೆಲುಗಳು ಕಡಿಮೆ ಇದ್ದ ಕಾಲದಲ್ಲಿ ಬಡ ಹುಡುಗರು ವಾರಾನ್ನ ಮಾಡಿ ಓದುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಯ ಊಟ. ಕುವೆಂಪು ಅವರು ಕಾಲೇಜು ದಿನಗಳಲ್ಲಿ ಮೈಸೂರಿನ ರಾಮಕೃಷ್ಣಾಶ್ರಮದಲ್ಲಿದ್ದುದು ನಿಮಗೆ ಪಾಠಗಳಿಂದ ಗೊತ್ತೇ ಇದೆ. ಮುಂದೆ ಮಠಗಳು, ಸಮಾಜಗಳು ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆದವು. ನಮ್ಮ ಪಕ್ಕದ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಯಾದ ಮೇಲೆ ಹಿಂದುಳಿದ ವರ್ಗಗಳ ಮಕ್ಕಳಿಗೆ ಹಾಸ್ಟೆಲುಗಳು ಹೆಚ್ಚಿದವು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ ಈ ನಾಲ್ಕು ಕಡೆಯ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರ ಹಾಸ್ಟೆಲಿನ ಅನ್ನ ಉಂಡವನೇ.

ನಮ್ಮ ಹಾಸ್ಟೆಲಿನ ಹೆಸರು ಬೇಡ. ಅಲ್ಲಿ ನಡೆದ ಒಳ್ಳೆಯದನ್ನೂ ಹೇಳುವವನಿದ್ದೇನೆ, ಕೆಟ್ಟದ್ದನ್ನೂ ಹೇಳುವವನಿದ್ದೇನೆ. ಎರಡು ಅಂತಸ್ತಿನ ಹಳೆಯ ಕಟ್ಟಡ. ಕೆಳಗೆ ನಾವು, ವಿಜ್ಞಾನದ ಹುಡುಗರು. ಮೇಲೆ ಫೋಟೊಗ್ರಫಿ ಕಲಿಯುವವರು ಹತ್ತು ಹನ್ನೆರಡು ಮಂದಿ. ಊಟದ ವ್ಯವಸ್ಥೆ ಡಿವೈಡಿಂಗ್ ಸಿಸ್ಟಮ್. ಅಂದರೆ ತಿಂಗಳ ಖರ್ಚನ್ನೆಲ್ಲ ಕೂಡಿಸಿ ತಲೆಗೆ ಇಷ್ಟು ಎಂದು ಹಂಚುವುದು. ಪ್ರತಿ ತಿಂಗಳು ಇಬ್ಬರು ಮೆಸ್ ಸೆಕ್ರೆಟರಿಗಳು. ದೇವರಾಜ ಮಾರುಕಟ್ಟೆಗೆ ಹೋಗಿ ತರಕಾರಿ ತರುವುದು, ಭಟ್ಟರ ಮುನಿಸನ್ನು ತೀರಿಸುವುದು, ತಿಂಗಳ ಕೊನೆಯಲ್ಲಿ ಬೈಸಿಕೊಳ್ಳುವುದು ಅವರ ಪಾಲು. ಲೆಕ್ಕ ಇಡುವುದನ್ನು, ನಾಲ್ಕು ಜನರ ಎದುರು ಲೆಕ್ಕ ಒಪ್ಪಿಸುವುದನ್ನು ನಾನು ಕಲಿತದ್ದು ಅಲ್ಲಿ. ಇವತ್ತು ಒಂದು ಕಾರ್ಯಕ್ರಮದ ಬಜೆಟ್ ಮಾಡುವಾಗಲೂ ಆ ಸಾರು-ಹುಳಿಯ ಲೆಕ್ಕವೇ ಕೈಹಿಡಿಯುತ್ತದೆ.

ಮೇಲಿನ ಅಂತಸ್ತಿನ ಮೂಲೆಯಲ್ಲಿ ಉಪಯೋಗಿಸದೆ ಬಿಟ್ಟಿದ್ದ ಒಂದು ಬಚ್ಚಲುಮನೆ ಇತ್ತು. ಫೋಟೊಗ್ರಫಿ ಹುಡುಗರು ಅದರ ಕಿಟಕಿಗೆ ಕಪ್ಪು ಕಾಗದ ಅಂಟಿಸಿ, ಬಾಗಿಲ ಸಂದಿಗೆ ಹಳೆಯ ಕಂಬಳಿ ತುರುಕಿ ಕತ್ತಲೆ ಕೋಣೆ ಮಾಡಿಕೊಂಡಿದ್ದರು. ಸೆಕೆಂಡ್ ಹ್ಯಾಂಡ್ ಎನ್‌ಲಾರ್ಜರ್ ಒಂದು, ಪ್ಲಾಸ್ಟಿಕ್ ಟ್ರೇ ಮೂರು, ಕೆಂಪು ಬಲ್ಬು ಒಂದು. ಅಲ್ಲಿಂದ ಹೊರಡುತ್ತಿದ್ದ ವಾಸನೆ ನನ್ನನ್ನು ಮೇಲಕ್ಕೆ ಎಳೆಯಿತು. ಹುಳಿ ವಾಸನೆ ಅಸಿಟಿಕ್ ಆಮ್ಲದ್ದು ಎಂದು ನಾನು ಗುರುತಿಸಿದೆ. "ಕೆಮಿಸ್ಟ್ರಿ ಗೊತ್ತಾ? ಹಾಗಾದ್ರೆ ಬಾ ಗುರು, ದ್ರಾವಣ ಕಲಸಿಕೊಡು" ಎಂದರು. ಹೀಗೆ ನನಗೆ ಒಳಗೆ ಪ್ರವೇಶ ದೊರೆಯಿತು.

ನಿಮ್ಮಲ್ಲಿ ಹಲವರು ಫಿಲಂ ಅನ್ನು ನೋಡಿಯೇ ಇರಲಾರಿರಿ. ಆದ್ದರಿಂದ ಆ ಕೋಣೆಯೊಳಗೆ ಏನಾಗುತ್ತಿತ್ತು ಎಂದು ಸ್ವಲ್ಪ ಹೇಳುತ್ತೇನೆ. ಫಿಲಂ ಮೇಲೆ ಜೆಲಟಿನ್‌ನಲ್ಲಿ ಹರಡಿದ ಸಿಲ್ವರ್ ಬ್ರೋಮೈಡಿನ ಸಣ್ಣ ಹರಳುಗಳಿರುತ್ತವೆ. ಕ್ಯಾಮರಾದ ಕಣ್ಣು ತೆರೆದಾಗ ಬೆಳಕು ಬಿದ್ದ ಹರಳುಗಳಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಬಿಡುಗಡೆಯಾಗುತ್ತವೆ. ಕಣ್ಣಿಗೆ ಏನೂ ಕಾಣದು. ಚಿತ್ರ ಅಲ್ಲಿ ಇದೆ, ಆದರೆ ಅಡಗಿದೆ. ಡೆವಲಪರ್ ದ್ರಾವಣದಲ್ಲಿ ಅದ್ದಿದಾಗ ಬೆಳಕು ಸೋಕಿದ ಹರಳುಗಳು ಪೂರ್ತಿಯಾಗಿ ಕಪ್ಪು ಬೆಳ್ಳಿಯಾಗುತ್ತವೆ. ಬೆಳಕು ಸೋಕದ ಹರಳುಗಳು ಹಾಗೆಯೇ ಉಳಿಯುತ್ತವೆ. ಅವನ್ನು ತೆಗೆದುಹಾಕದಿದ್ದರೆ ಹೊರಗೆ ತಂದ ಕೂಡಲೇ ಅವೂ ಕಪ್ಪಾಗುತ್ತವೆ. ತೆಗೆದುಹಾಕುವ ವಸ್ತುವೇ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್. ಅದು ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂದು ಜಾನ್ ಹರ್ಷೆಲ್ ಎಂಬ ವಿಜ್ಞಾನಿ 1819ರಲ್ಲೇ ಕಂಡುಕೊಂಡಿದ್ದ. ಇಪ್ಪತ್ತು ವರ್ಷಗಳ ನಂತರ, 1839ರಲ್ಲಿ, ಛಾಯಾಚಿತ್ರ ಕಲೆ ಲೋಕಕ್ಕೆ ಪರಿಚಯವಾದಾಗ ಆ ತಿಳಿವಳಿಕೆ ಕೆಲಸಕ್ಕೆ ಬಂತು.

ಹೈಪೋದಿಂದ ತೆಗೆದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ. ಅದು ತೊಳೆಯುವುದು. ಕಾಗದದ ನಾರಿನೊಳಗೆ ಇಳಿದ ಹೈಪೋವನ್ನು ಹರಿಯುವ ನೀರಿನಲ್ಲಿ ಸುಮಾರು ಒಂದು ಗಂಟೆ ಕಾಲ ತೊಳೆಯಬೇಕು. ಇಲ್ಲದಿದ್ದರೆ ಅದರಲ್ಲಿನ ಗಂಧಕ ನಿಧಾನವಾಗಿ ಬೆಳ್ಳಿಯೊಡನೆ ಸೇರಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ಚಿತ್ರಕ್ಕೆ ಕಂದು ಕಲೆ ಹಿಡಿಯುತ್ತದೆ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇದೇ ನನ್ನ ಕಥೆಯ ಮುಖ್ಯ ಪಾತ್ರ.

ಪುಸ್ತಕದಲ್ಲಿ ಡೆವಲಪರ್ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಇರಬೇಕು ಎಂದು ಬರೆದಿತ್ತು. ಮೈಸೂರಿನ ಏಪ್ರಿಲ್ ತಿಂಗಳಲ್ಲಿ 20 ಡಿಗ್ರಿಯನ್ನು ಎಲ್ಲಿಂದ ತರುವುದು? ಫ್ರಿಜ್ ಇರಲಿಲ್ಲ. ಸೀನಿಯರ್‌ಗಳು ಕುಂಬಾರರ ಮಡಕೆ ತಂದು ಮರಳಿನ ಮೇಲಿಟ್ಟು, ಅದರ ನೀರಿನಲ್ಲಿ ದ್ರಾವಣದ ಬಾಟಲಿ ಮುಳುಗಿಸಿಡುತ್ತಿದ್ದರು. ಆವಿಯಾಗುವಿಕೆಯಿಂದ ತಂಪಾಗುವ ತತ್ವವನ್ನು ನಾನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ಅದು ಪ್ರಯೋಜನಕ್ಕೆ ಬರುವುದನ್ನು ಇಲ್ಲಿ ನೋಡಿದೆ. ಮಡಕೆಯಿಂದಲೂ 20 ಡಿಗ್ರಿ ಸಿಗದಿದ್ದಾಗ ದ್ರಾವಣದಲ್ಲಿಡುವ ಸಮಯವನ್ನು ಕಡಿಮೆ ಮಾಡಬೇಕು. ಎಷ್ಟು ಎಂಬ ಪಟ್ಟಿಯನ್ನು ಗೋಡೆಯ ಮೇಲೆ ಬರೆದಿದ್ದರು. ಪ್ರತಿ ಬ್ಯಾಚಿನವರೂ ತಮ್ಮ ಅನುಭವದಿಂದ ಅದನ್ನು ತಿದ್ದುತ್ತಿದ್ದರು. ಅದು ಆ ಹಾಸ್ಟೆಲಿನ ಪಂಚಾಂಗವಾಗಿತ್ತು.

ಈಗ ಅಲ್ಲಿನ ಸಂಪ್ರದಾಯಗಳಿಗೆ ಬರೋಣ. ಮೊದಲನೆಯದು ಫಿಲಂ ಹಂಚಿಕೆ. ಅಂಗಡಿಯಲ್ಲಿ ಒಂದೊಂದೇ ರೋಲ್ ಕೊಳ್ಳುವುದು ದುಬಾರಿ. ಆದ್ದರಿಂದ ಎಲ್ಲರೂ ಹಣ ಹಾಕಿ ನೂರು ಅಡಿಯ ದೊಡ್ಡ ಸುರುಳಿ ತರುತ್ತಿದ್ದರು. ಕಪ್ಪು-ಬಿಳುಪಿನಲ್ಲಿ ನಮಗೆ ಊಟಿಯ ಹಿಂದೂಸ್ತಾನ್ ಫೋಟೊ ಫಿಲಂಸ್ ಕಾರ್ಖಾನೆಯ 'ಇಂದು' ಪರಿಚಿತ ಹೆಸರು. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಆ ಸಾರ್ವಜನಿಕ ಉದ್ಯಮ ಈಗ ಮುಚ್ಚಿದೆ. ನೂರು ಅಡಿಯ ಸುರುಳಿಯಿಂದ 36 ಚಿತ್ರಗಳ ಸುಮಾರು ಹದಿನೆಂಟು ರೋಲುಗಳಾಗುತ್ತವೆ. ಕತ್ತರಿಸಿ ಹಳೆಯ ಡಬ್ಬಿಗಳಿಗೆ ತುಂಬುವ ಕೆಲಸ ಪೂರ್ಣ ಕತ್ತಲೆಯಲ್ಲಿ ಆಗಬೇಕು. ಪ್ರಿಂಟ್ ಮಾಡುವ ಕಾಗದಕ್ಕೆ ಕೆಂಪು ಬೆಳಕು ತಾಗುವುದಿಲ್ಲ, ಆದರೆ ಫಿಲಂ ಎಲ್ಲ ಬಣ್ಣಕ್ಕೂ ಸ್ಪಂದಿಸುತ್ತದೆ. ಹಾಗಾಗಿ ಕೆಂಪು ಬಲ್ಬನ್ನೂ ಆರಿಸಿ, ರಗ್ಗು ಹೊದ್ದು, ಅಂದಾಜಿನ ಮೇಲೆ ಎರಡು ತೋಳು ಚಾಚಿ ಅಳೆಯುವುದು. ಉದ್ದ ತೋಳಿನವನು ಅಳೆದರೆ 38 ಚಿತ್ರ ಬರುತ್ತಿತ್ತು. ಅವನಿಗೆ ಆ ದಿನ ಭಾರಿ ಮರ್ಯಾದೆ.

ಎರಡನೆಯದು ಕ್ಯಾಮರಾ ಪುಸ್ತಕ. ಹನ್ನೆರಡು ಮಂದಿಗೆ ಇದ್ದದ್ದು ಐದೇ ಕ್ಯಾಮರಾ. ಯಾರು ಯಾವ ದಿನ ಒಯ್ದರು, ಯಾವಾಗ ತಂದರು, ಏನಾದರೂ ಪೆಟ್ಟಾಯಿತೇ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಪೆಟ್ಟು ಮಾಡಿದವನನ್ನು ಯಾರೂ ಬೈಯುತ್ತಿರಲಿಲ್ಲ. ಬರೆಯದೆ ಮುಚ್ಚಿಟ್ಟವನಿಗೆ ಮಾತ್ರ ಒಂದು ತಿಂಗಳು ಕ್ಯಾಮರಾ ಇಲ್ಲ.

ಮೂರನೆಯದು ಭಾನುವಾರದ ಗೋಡೆ. ಭಾನುವಾರ ಸಂಜೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಬೆಳಗುವ ಹೊತ್ತಿಗೆ ಟ್ರೈಪಾಡ್ ಹೊತ್ತು ಹೋಗುವುದು ವಾಡಿಕೆ. ರಾತ್ರಿ ಊಟದ ನಂತರ ಆ ವಾರ ಮಾಡಿದ ಪ್ರಿಂಟುಗಳನ್ನು ಊಟದ ಕೋಣೆಯ ಗೋಡೆಗೆ ಹಚ್ಚುತ್ತಿದ್ದರು. ತೆಗೆದವನ ಹೆಸರಿಲ್ಲ, ನಂಬರು ಮಾತ್ರ. ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು. ನಮ್ಮ ಭಟ್ಟರೂ ಹೇಳುತ್ತಿದ್ದರು. ಒಮ್ಮೆ ಒಬ್ಬನ ಚಿತ್ರದಲ್ಲಿ ಒಲೆಯ ಮುಂದೆ ಕೂತ ಹೆಂಗಸನ್ನು ನೋಡಿ, "ಈ ಒಲೇಲಿ ಬೆಂಕಿನೇ ಇಲ್ಲ. ಬೇಕಂತ್ಲೇ ಕೂರ್ಸಿದ್ದೀರಿ" ಎಂದುಬಿಟ್ಟರು. ಆ ಟೀಕೆಗೆ ಉತ್ತರವಿರಲಿಲ್ಲ. ಇವತ್ತಿಗೂ ಯಾವುದಾದರೂ ದೃಶ್ಯ ಚಿತ್ರೀಕರಿಸುವಾಗ ಒಲೆಯಲ್ಲಿ ಬೆಂಕಿ ಇದೆಯೇ ಎಂದು ನೋಡುತ್ತೇನೆ.

ನಾಲ್ಕನೆಯದು ಎಲ್ಲಕ್ಕಿಂತ ಚೆಂದದ್ದು, ಆಯುಧಪೂಜೆ. ಮಹಾನವಮಿಯ ದಿನ ಐದು ಕ್ಯಾಮರಾ, ಎನ್‌ಲಾರ್ಜರ್, ಟ್ರೈಪಾಡ್ ಎಲ್ಲವನ್ನೂ ಒರೆಸಿ ಸಾಲಾಗಿ ಇಡುತ್ತಿದ್ದರು. ಅರಿಶಿನ-ಕುಂಕುಮ ಮಾತ್ರ ದೂರ, ಏಕೆಂದರೆ ಪುಡಿ ಲೆನ್ಸಿಗೆ ಹೋದರೆ ಕಷ್ಟ. ಆದ್ದರಿಂದ ಕ್ಯಾಮರಾದ ಚೀಲಕ್ಕೆ ಕುಂಕುಮ, ಕ್ಯಾಮರಾಕ್ಕೆ ಹೂವು ಮಾತ್ರ. ನಾವು ಕೆಳಗಿನವರು ನಮ್ಮ ಕ್ಯಾಲ್ಕ್ಯುಲೇಟರುಗಳನ್ನೂ ಅಲ್ಲೇ ಇಟ್ಟು ಬರುತ್ತಿದ್ದೆವು. ಧರ್ಮ ಯಾವುದೇ ಇರಲಿ, ಎಲ್ಲ ಹುಡುಗರೂ ಚರುಪಿಗೆ ಹಾಜರು. ಮಾರನೆಯ ದಿನ ಜಂಬೂಸವಾರಿ. ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಗ್ಗೆಯಿಂದಲೇ ಜಾಗ ಹಿಡಿಯಬೇಕು. ಅಂಬಾರಿ ಹೊತ್ತ ಆನೆ ಎದುರಿಗೆ ಬರುವುದು ಕೆಲವೇ ಕ್ಷಣ. ಒಬ್ಬೊಬ್ಬರಿಗೆ ಸಿಗುವುದು ಹೆಚ್ಚೆಂದರೆ ಐದಾರು ಚಿತ್ರ. ಅದಕ್ಕಾಗಿ ಆರು ಗಂಟೆ ಬಿಸಿಲಿನಲ್ಲಿ ನಿಲ್ಲುತ್ತಿದ್ದರು. ಮುಂದೆ 2012ರಿಂದ 2019ರವರೆಗೆ ಅಂಬಾರಿ ಹೊತ್ತ ಅರ್ಜುನ ನಮ್ಮ ಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದವನು. 2023ರ ಡಿಸೆಂಬರಿನಲ್ಲಿ ಕಾಡಾನೆಯ ಕಾರ್ಯಾಚರಣೆಯಲ್ಲಿ ಆತ ಸತ್ತ ಸುದ್ದಿ ಬಂದಾಗ ನಮ್ಮ ಹಳೆಯ ಹಾಸ್ಟೆಲಿನವರು ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡೆವು.

ಆ ಹುಡುಗರಿಗೆ ಒಬ್ಬರು ಆದರ್ಶ ಇದ್ದರು. ಅವರು ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಶುರುವಾದಾಗ ಸೇರಿ 1946ರಲ್ಲಿ ತೇರ್ಗಡೆಯಾಗಿ ಮುಂಬಯಿಗೆ ಹೋದರು. ಗುರುದತ್ ಅವರ 'ಕಾಗಜ್ ಕೆ ಫೂಲ್' ಚಿತ್ರವನ್ನು 1959ರಲ್ಲಿ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾಗಿ ತೆಗೆದವರು ಅವರೇ. ಅದರಲ್ಲಿ ಕತ್ತಲೆಯ ಸ್ಟುಡಿಯೋದೊಳಗೆ ಮೇಲಿನಿಂದ ಬೆಳಕಿನ ಕೋಲು ಇಳಿಯುವ ಪ್ರಸಿದ್ಧ ದೃಶ್ಯವಿದೆ. ದೊಡ್ಡ ವಿದ್ಯುತ್ ದೀಪಗಳಿಂದ ಆಗದ ಆ ಕೆಲಸವನ್ನು ಅವರು ಎರಡು ದೊಡ್ಡ ಕನ್ನಡಿಗಳಿಂದ ಮಾಡಿದರು. ಒಂದು ಕನ್ನಡಿ ಹೊರಗೆ ಬಿಸಿಲಿನಲ್ಲಿ, ಅದರಿಂದ ಹೊರಟ ಬಿಸಿಲು ಒಳಗಿನ ಇನ್ನೊಂದು ಕನ್ನಡಿಗೆ, ಅಲ್ಲಿಂದ ಕೆಳಕ್ಕೆ. ಪ್ರತಿಫಲನದ ನಿಯಮ, ನೀವು ಎಂಟನೆಯ ತರಗತಿಯಲ್ಲಿ ಓದುವಂಥದ್ದೇ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. 2014ರಲ್ಲಿ ಅವರು ತೀರಿಕೊಂಡರು. ನಮ್ಮ ಕತ್ತಲೆ ಕೋಣೆಯಲ್ಲಿ ಎನ್‌ಲಾರ್ಜರಿನ ಬಲ್ಬು ಸುಟ್ಟುಹೋಗಿ ಎಲ್ಲರೂ ಕೈಚೆಲ್ಲಿ ಕೂತಾಗ ಯಾರಾದರೊಬ್ಬರು "ಮೂರ್ತಿಗಳು ಇದ್ದಿದ್ದರೆ ಏನು ಮಾಡುತ್ತಿದ್ದರು?" ಎಂದು ಕೇಳುತ್ತಿದ್ದರು. ಏನಾದರೊಂದು ದಾರಿ ಹೊಳೆಯುತ್ತಿತ್ತು.

ಮಿತ್ರರೇ, ಸಂಪ್ರದಾಯ ಎಂಬ ಮಾತಿಗೆ ಇನ್ನೊಂದು ಮುಖವೂ ಇದೆ. ಅದನ್ನು ಹೇಳದೆ ಬಿಟ್ಟರೆ ನಾನು ನಿಮಗೆ ಅರ್ಧ ಚಿತ್ರ ತೋರಿಸಿದ ಹಾಗಾಗುತ್ತದೆ. ಹೊಸದಾಗಿ ಬಂದ ಹುಡುಗನನ್ನು ಕತ್ತಲೆ ಕೋಣೆಗೆ ಕಳಿಸಿ, ಬರಿಗೈಯಿಂದ ತಡವಿ ರೀಲಿಗೆ ಫಿಲಂ ಸುತ್ತಿಸುವುದು ಅಲ್ಲಿನ ಪದ್ಧತಿ. ಅದು ಕಲಿಯಬೇಕಾದ ವಿದ್ಯೆಯೇ. ಆದರೆ ಒಂದು ವರ್ಷ ಯಾರೋ ತಮಾಷೆಗೆ ಹೊರಗಿನಿಂದ ಚಿಲಕ ಹಾಕಿದರು. ಒಳಗಿದ್ದ ಹುಡುಗ ಬಾಗಿಲು ಬಡಿದ. ನಾವು ನಕ್ಕೆವು. ನಾವು ಎನ್ನುವಾಗ ನಾನೂ ಸೇರಿದ್ದೇನೆ. ಬಡಿಯುವುದು ನಿಂತಿತು. ತೆರೆದು ನೋಡಿದರೆ ಅವನು ಮೂಲೆಯಲ್ಲಿ ಮುದುಡಿ ಕುಳಿತಿದ್ದ, ಉಸಿರಾಡಲು ಒದ್ದಾಡುತ್ತಿದ್ದ. ಮುಚ್ಚಿದ ಜಾಗ ಅವನಿಗೆ ಆಗುತ್ತಿರಲಿಲ್ಲ. ಅದನ್ನು ಹೇಳಿಕೊಳ್ಳಲು ನಾಚಿಕೆಪಟ್ಟಿದ್ದ. ಮೂರು ದಿನದಲ್ಲಿ ಊರಿಗೆ ಹೋದವನು ಮತ್ತೆ ಬರಲಿಲ್ಲ. ಒಂದು ಮನೆಯ ಮೊದಲ ಪದವೀಧರ ಅಲ್ಲಿಗೇ ನಿಂತುಹೋದ.

ಆ ರಾತ್ರಿಯೇ ಹೊರಗಿನ ಚಿಲಕ ಕಿತ್ತುಹಾಕಿದರು. ಆದರೆ ಹುಡುಗ ಬರಲಿಲ್ಲ. ಇವತ್ತು ರ‍್ಯಾಗಿಂಗ್ ತಡೆಗೆ ಕಾನೂನು ಇದೆ. ಕರ್ನಾಟಕ ಶಿಕ್ಷಣ ಕಾಯ್ದೆ, 1983 ಅದನ್ನು ನಿಷೇಧಿಸಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2009ರಲ್ಲಿ ಬಿಗಿಯಾದ ನಿಯಮಗಳನ್ನು ತಂದಿದೆ. ಆದರೆ ಚಿಲಕ ಇರುವುದು ನಮ್ಮ ಕೈಯಲ್ಲಿ. ಹೊಸಬನಿಗೆ ಏನಾದರೂ ಕಲಿಸುವುದು ಸಂಪ್ರದಾಯ. ಹೊಸಬನನ್ನು ಹೆದರಿಸಿ ನಾವು ನಗುವುದಕ್ಕೆ ಆ ಹೆಸರು ಸಲ್ಲದು.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಆ ತರಗತಿಯಲ್ಲಿ ಇಬ್ಬರು ಹುಡುಗಿಯರಿದ್ದರು. ಅವರ ಹಾಸ್ಟೆಲಿನ ಬಾಗಿಲು ಸಂಜೆಯೇ ಮುಚ್ಚುತ್ತಿತ್ತು. ಕತ್ತಲೆ ಕೋಣೆಯ ಕೆಲಸವೆಲ್ಲ ರಾತ್ರಿಯದು. ಕಾಲೇಜಿನ ಕೋಣೆಯಲ್ಲಿ ಹಗಲು ಸಿಕ್ಕ ಒಂದು ಗಂಟೆಯಲ್ಲೇ ಅವರು ಎಲ್ಲವನ್ನೂ ಮಾಡಬೇಕಿತ್ತು. ಅಷ್ಟರಲ್ಲೇ ಅವರು ತೆಗೆದ ದೇವರಾಜ ಮಾರುಕಟ್ಟೆಯ ಹೂವಾಡಗಿತ್ತಿಯರ ಚಿತ್ರಗಳು ನಮ್ಮ ಗೋಡೆಯ ಎಲ್ಲ ಚಿತ್ರಗಳಿಗಿಂತ ಮೇಲಾಗಿದ್ದವು. ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಎನಿಸಿದ ಹೋಮೈ ವ್ಯಾರಾವಾಲಾ ಸೀರೆಯುಟ್ಟು, ಭಾರವಾದ ಕ್ಯಾಮರಾ ಹೊತ್ತು ದೆಹಲಿಯಲ್ಲಿ ಸ್ವಾತಂತ್ರ್ಯದ ದಿನಗಳನ್ನು ಸೆರೆಹಿಡಿದವರು. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ಹಾಸ್ಟೆಲಿನ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚಬೇಕು ಎಂದು ತೀರ್ಮಾನಿಸುವವರು ಆಗಾಗ ಇಂಥವರನ್ನು ನೆನಪು ಮಾಡಿಕೊಂಡರೆ ಒಳ್ಳೆಯದು.

ಈಗ ನನ್ನ ಕಥೆಗೆ ಬರುತ್ತೇನೆ.

1999ರ ಜನವರಿಯಲ್ಲಿ ನಾಲ್ವರು ಸೀನಿಯರ್‌ಗಳು ಕಾಕನಕೋಟೆಯ ಕಡೆ ಚಿತ್ರ ತೆಗೆಯಲು ಹೊರಟರು. ಊರಿನ ಹುಡುಗ ಎಂದು ನನ್ನನ್ನೂ ಕರೆದುಕೊಂಡರು. ಬಸ್ ಬದಲಿಸಲು ಹ್ಯಾಂಡ್‌ಪೋಸ್ಟಿನಲ್ಲಿ ಇಳಿದೆವು. ಸರ್ಕಲ್ಲಿನ ಮರದ ಕೆಳಗೆ ಬೇಯಿಸಿದ ಕಡಲೆಕಾಯಿ ಮಾರುವ ಒಬ್ಬ ಅಜ್ಜಿ ಕೂರುತ್ತಿದ್ದಳು. ನಾನು ಚಿಕ್ಕಂದಿನಿಂದ ನೋಡಿದವಳು. ಬುಟ್ಟಿಯಿಂದ ಹಬೆ ಏಳುತ್ತಿತ್ತು, ಬೆಳಗಿನ ಬಿಸಿಲು ಹಿಂದಿನಿಂದ ಬೀಳುತ್ತಿತ್ತು. ಒಬ್ಬ ಸೀನಿಯರ್ ಕೇಳಿಯೇ ಚಿತ್ರ ತೆಗೆದ. ಅಜ್ಜಿ ಸೆರಗು ಸರಿಮಾಡಿಕೊಂಡು, "ನಂಗೊಂದು ಪಟ ತಂದ್ಕೊಡ್ತೀರಾ? ಇಲ್ಲೀಗಂಟ ನನ್ ಪಟಾನೇ ಇಲ್ಲ ಕಣಪ್ಪ" ಎಂದಳು. ಸೀನಿಯರ್ ನನ್ನ ಹೆಗಲ ಮೇಲೆ ಕೈಯಿಟ್ಟು, "ಇವನೇ ತಂದ್ಕೊಡ್ತಾನೆ ಅಜ್ಜಿ. ನಿಮ್ಮೂರಿನೋನೇ" ಎಂದ.

ವಾರದೊಳಗೆ ಪ್ರಿಂಟ್ ಆಯಿತು. ಭಾನುವಾರದ ಗೋಡೆಯಲ್ಲಿ ಎಲ್ಲರೂ ಮೆಚ್ಚಿದರು. ಅಜ್ಜಿಗೆಂದು ಇನ್ನೊಂದು ಪ್ರತಿ ಮಾಡಿ, ತೊಳೆಯಲು ನನಗೆ ಕೊಟ್ಟರು. ಅಂದು ಕೊಳಾಯಿಯಲ್ಲಿ ನೀರು ನಿಂತುಹೋಯಿತು. ಹತ್ತು ನಿಮಿಷವೂ ತೊಳೆದಿರಲಿಲ್ಲ. ಮಾರನೆಯ ದಿನ ನನಗೆ ಟೆಸ್ಟ್ ಇತ್ತು. ಸಾಕು ಎಂದು ಒರೆಸಿ ಒಣಗಿಸಿ, ಆಪ್ಟಿಕ್ಸ್ ಪುಸ್ತಕದ ಒಳಗಿಟ್ಟೆ.

ಮುಂದಿನ ಸಲ ಊರಿಗೆ ಹೋದಾಗ ಪುಸ್ತಕ ಹಾಸ್ಟೆಲಿನಲ್ಲೇ ಉಳಿದಿತ್ತು. ಬಸ್ಸಿನಿಂದ ಇಳಿಯುತ್ತಲೇ ಅಜ್ಜಿ ಕೇಳಿದಳು, "ಪಟ ತಂದ್ಯಾ ಮಗ?" ಮುಂದಿನ ವಾರ ಅಜ್ಜಿ, ಎಂದೆ. ಅದರ ಮುಂದಿನ ಸಲ ಪರೀಕ್ಷೆಯ ಗಡಿಬಿಡಿ. ಮತ್ತೆ ಕೇಳಿದಳು. ಮತ್ತೆ ಮುಂದಿನ ವಾರ ಎಂದೆ. ಮೂರನೆಯ ಸಲ ಪುಸ್ತಕ ತಂದಿದ್ದೆ, ಆದರೆ ಬಸ್ ತಡವಾಗಿ ಬಂದು ಅಜ್ಜಿ ಮನೆಗೆ ಹೋಗಿದ್ದಳು. ಮನೆ ಎಲ್ಲಿ ಎಂದು ಕೇಳಿಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ಆಮೇಲೊಮ್ಮೆ ಅವಳು ಕೇಳುವುದನ್ನು ಬಿಟ್ಟಳು. ನನ್ನನ್ನು ನೋಡಿ ಒಂದು ಹಿಡಿ ಕಡಲೆಕಾಯಿ ಜಾಸ್ತಿ ಹಾಕಿ ನಕ್ಕಳಷ್ಟೆ. ಅವಳು ಕೇಳಲಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು. ಮಿತ್ರರೇ, ನನ್ನ ಬದುಕಿನಲ್ಲಿ ನಾಚಿಕೆಪಡುವ ಸಮಾಧಾನ ಅದು.

ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಬುಟ್ಟಿಯ ಮುಂದೆ ಬೇರೊಬ್ಬ ಹೆಂಗಸು ಕೂತಿದ್ದರು. ಅಜ್ಜಿಯ ಮಗಳು. ಕೇಳಿದೆ. "ಅವ್ವ ಆಷಾಢದಲ್ಲಿ ತೀರ್ಕಂಡ್ಲು ಕಣಪ್ಪ" ಎಂದವರು ನನ್ನನ್ನೇ ನೋಡಿ, "ಪಟದ ಹುಡ್ಗ ಅಂತಿದ್ಲು, ನೀನೇನಾ?" ಎಂದರು.

ಮೂರು ದಿನ ಕಳೆದು ಹಾಸ್ಟೆಲಿಗೆ ಬಂದು ಪುಸ್ತಕ ತೆರೆದೆ. ಚಿತ್ರಕ್ಕೆ ಕಂದು ಕಲೆ ಹಿಡಿದಿತ್ತು. ಒಂದು ಕಣ್ಣು, ಅರ್ಧ ಕೆನ್ನೆ ಕಲೆಯೊಳಗೆ ಹೋಗಿತ್ತು. ಸಿಲ್ವರ್ ಸಲ್ಫೈಡ್. ಸಮೀಕರಣವನ್ನು ಬರೆದು ತೋರಿಸಬಲ್ಲವನಾಗಿದ್ದೆ. ಒಂದು ಗಂಟೆ ತೊಳೆಯುವ ತಾಳ್ಮೆ ಮಾತ್ರ ಇರಲಿಲ್ಲ.

ಸೀನಿಯರ್‌ಗೆ ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ. ನೆಗೆಟಿವ್ ಹುಡುಕಿ ತೆಗೆದು ಆ ರಾತ್ರಿಯೇ ಇನ್ನೊಂದು ಪ್ರತಿ ಮಾಡಿದ. "ಇದನ್ನೂ ನೀನೇ ತೊಳಿ. ಗಡಿಯಾರ ನೋಡ್ಕೊಂಡು" ಎಂದ. ಕೊಳಾಯಿಯಲ್ಲಿ ನೀರಿರಲಿಲ್ಲ. ಕೆಳಗಿನ ತೊಟ್ಟಿಯಿಂದ ಬಕೆಟ್ ಹೊತ್ತು ತಂದು, ಐದು ನಿಮಿಷಕ್ಕೊಮ್ಮೆ ನೀರು ಬದಲಿಸಿದೆ. ಹನ್ನೆರಡು ಸಲ. ಮುಂದಿನ ಭಾನುವಾರ ಆ ಪ್ರತಿಯನ್ನು ಮಗಳ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು. "ಇದ್ದಾಗ ತಂದಿದ್ರೆ ತಾನೂ ನೋಡ್ಕತಿದ್ಲು" ಎಂದಷ್ಟೇ ಹೇಳಿದರು. ಅದರಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಆ ವಾರ ಕತ್ತಲೆ ಕೋಣೆಯ ಬಾಗಿಲ ಮೇಲೆ ಒಂದು ಸಾಲು ಬರೆಯಲಾಯಿತು: ಮೊದಲ ಪ್ರತಿ ಚಿತ್ರದಲ್ಲಿರುವವರಿಗೆ. ಕ್ಯಾಮರಾ ಪುಸ್ತಕದ ಪಕ್ಕದಲ್ಲಿ ಇನ್ನೊಂದು ನೋಟ್‌ಬುಕ್ ಬಂತು. ಚಿತ್ರದಲ್ಲಿರುವವರ ಹೆಸರು, ಊರು, ಪ್ರತಿ ತಲುಪಿದ ದಿನ. ಆ ಮೂರನೆಯ ಕಲಂ ತುಂಬದೆ ಭಾನುವಾರದ ಗೋಡೆಗೆ ಚಿತ್ರ ಹಚ್ಚುವಂತಿಲ್ಲ. ಫೋಟೊಗ್ರಫಿ ಓದದ ನಾನು ಆ ಹಾಸ್ಟೆಲಿನ ಒಂದು ಸಂಪ್ರದಾಯಕ್ಕೆ ಕಾರಣನಾದೆ. ಹೆಮ್ಮೆಯಿಂದ ಹೇಳಿಕೊಳ್ಳುವ ರೀತಿಯಲ್ಲಿ ಅಲ್ಲ.

ಮುಂದೆ ಡಿಜಿಟಲ್ ಕ್ಯಾಮರಾ ಬಂತು. ಕತ್ತಲೆ ಕೋಣೆಗಳಿಗೆ ಕೆಲಸ ಕಡಿಮೆಯಾಯಿತು. ನಮ್ಮ ಹಾಸ್ಟೆಲಿನ ಆ ಕೋಣೆಯಲ್ಲಿ ಈಗ ಮುರಿದ ಮಂಚಗಳಿವೆ. ಆದರೆ ಕಲಿಕೆ ನಿಂತಿಲ್ಲ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ, ಅಂದರೆ ಎಲ್ಲರೂ ಕಾವಾ ಎನ್ನುವ ಕಾಲೇಜಿನಲ್ಲಿ, ಚಿತ್ರಕಲೆ, ಶಿಲ್ಪಗಳ ಜೊತೆ ಛಾಯಾಚಿತ್ರ ಮತ್ತು ಪತ್ರಿಕಾ ಛಾಯಾಗ್ರಹಣವನ್ನೂ ಕಲಿಸುತ್ತಾರೆ. ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಮೂರ್ತಿಯವರು ಓದಿದ ವಿಭಾಗ ಮುಂದೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಾಗಿ ಬೆಳೆದಿದೆ. ಆಸಕ್ತಿಯಿರುವವರು ವಿಚಾರಿಸಿ. ವಿಜ್ಞಾನ ಓದಿದವರಿಗೆ ಈ ಕ್ಷೇತ್ರ ದೂರವಲ್ಲ; ಲೆನ್ಸು, ಬೆಳಕು, ಬಣ್ಣ ಎಲ್ಲವೂ ನಿಮ್ಮ ಭೌತಶಾಸ್ತ್ರವೇ.

ಇವತ್ತು ನಿಮ್ಮ ಜೇಬಿನಲ್ಲಿರುವ ಫೋನಿನಲ್ಲಿ ಸಾವಿರಾರು ಚಿತ್ರಗಳಿವೆ. ತೆಗೆಯುವುದು ಸುಲಭವಾಗಿದೆ, ಉಳಿಸುವುದು ಆಗಿಲ್ಲ. ನನ್ನ ಮಗಳ ಮೊದಲ ವರ್ಷದ ಚಿತ್ರಗಳೆಲ್ಲ ಒಂದು ಹಾರ್ಡ್ ಡಿಸ್ಕ್ ಕೆಟ್ಟಾಗ ಹೋದವು. ಎರಡು ಕಡೆ ಇಟ್ಟುಕೊಳ್ಳಬೇಕೆಂದು ಗೊತ್ತಿತ್ತು; ಮುಂದಿನ ವಾರ ಎಂದುಕೊಂಡಿದ್ದೆ. ನೋಡಿ, ಅದೇ ಮಾತು ಮತ್ತೆ.

ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆ ಕಬಿನಿಯ ಕಡೆ ಹೋಗುವಾಗ ಹ್ಯಾಂಡ್‌ಪೋಸ್ಟಿನಲ್ಲಿ ವಾಹನ ನಿಲ್ಲಿಸಿದೆ. ಅಜ್ಜಿಯ ಮಗಳ ಮನೆ ಹುಡುಕಿಕೊಂಡು ಹೋದೆ. ಈ ಸಲ ಹೋದೆ. ನಡುಮನೆಯ ಗೋಡೆಯ ಮೇಲೆ ದೇವರ ಪಟಗಳ ಪಕ್ಕದಲ್ಲಿ ಅಜ್ಜಿಯ ಪಟವಿತ್ತು. ಕಟ್ಟು ಹಾಕಿಸಿ ಕುಂಕುಮ ಇಟ್ಟಿದ್ದರು. ಬುಟ್ಟಿಯ ಹಬೆ, ಸೆರಗಿನ ಅಂಚು, ಕಣ್ಣಿನೊಳಗಿನ ಬೆಳಕು ಎಲ್ಲವೂ ಮೊದಲ ದಿನದಂತೆಯೇ ಇದ್ದವು. ಮೊಮ್ಮಗಳು ಹೈಸ್ಕೂಲಿನಲ್ಲಿ ಓದುತ್ತಿದ್ದಳು. "ಇಷ್ಟು ವರ್ಷ ಆದ್ರೂ ಹೆಂಗೆ ಸಾರ್ ಹಾಳಾಗಿಲ್ಲ?" ಎಂದು ಕೇಳಿದಳು. ಹೈಪೋ, ಬೆಳ್ಳಿ, ಹನ್ನೆರಡು ಬಕೆಟ್ ನೀರು, ಎಲ್ಲವನ್ನೂ ಅವಳಿಗೆ ಹೇಳಿದೆ. ಅವಳ ಅಜ್ಜಿಯ ತಾಯಿಗೆ ನಾನು ಮಾಡಿದ್ದನ್ನೂ ಹೇಳಿದೆ.

ಮಿತ್ರರೇ, ನಿಮ್ಮಲ್ಲಿ ಒಂದು ಕೋರಿಕೆ. ಈ ವಾರ ನಿಮ್ಮ ಫೋನಿನಲ್ಲಿರುವ ಚಿತ್ರಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಅದರಲ್ಲಿ ನಿಮ್ಮ ಅಜ್ಜಿ ಇರಬಹುದು, ಹಾಸ್ಟೆಲಿನ ಅಡುಗೆಯವರಿರಬಹುದು, ಶಾಲೆಯ ಮುಂದೆ ಸೌತೆಕಾಯಿ ಮಾರುವವರಿರಬಹುದು. ಸ್ಟುಡಿಯೋಗೆ ಹೋಗಿ ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಅವರ ಕೈಗೆ ಕೊಡಿ. ಒಂದು ಪ್ಲೇಟ್ ಮಸಾಲೆ ಪುರಿಯ ಹಣವೂ ಆಗುವುದಿಲ್ಲ. ಆದರೆ ಮುಂದಿನ ವಾರ ಎನ್ನಬೇಡಿ.